ಮಿದುಳಿನ ಅಲೆಯೂ ಮನಸ್ಸಿನ ಅಳಲೂ

ಮಾತಿಗೆ ಸಿಕ್ಕದ ಭಯವನ್ನೂ ಮುಖದಲ್ಲಿ ತೋರದ ದುಃಖವನ್ನೂ ಹೊರಗಿನವರು ಅರಿಯುವುದು ಹೇಗೆ? ಈ ಪ್ರಶ್ನೆ ಬಹು ಹಳೆಯದು. ಕವಿಗಳು ತಮ್ಮ ರೀತಿಯಲ್ಲಿ, ವೈದ್ಯರು ತಮ್ಮ ರೀತಿಯಲ್ಲಿ, ಮನೆಯ ಹಿರಿಯರು ತಮ್ಮ ಅನುಭವದ ಬಲದಿಂದ ಇದಕ್ಕೆ ಉತ್ತರ ಹುಡುಕುತ್ತ ಬಂದಿದ್ದಾರೆ. ಈಗ ವಿಜ್ಞಾನವೂ ಒಂದು ಸಾಧನವನ್ನು ಹಿಡಿದು ಮುಂದೆ ಬಂದಿದೆ. ನೆತ್ತಿಯ ಮೇಲೆ ಚಿಕ್ಕ ಚಿಕ್ಕ ವಿದ್ಯುದ್ವಾರಗಳನ್ನಿಟ್ಟು, ಮಿದುಳಿನಿಂದ ಹೊರಬರುವ ಕ್ಷೀಣವಾದ ವಿದ್ಯುತ್ತನ್ನು ವರ್ಧಿಸಿ ನೋಡಿದರೆ, ಭಾವ ಕೆರಳಿದಾಗ ಏಳುವ ಅಲೆಯನ್ನೂ ಭಾವ ಹತೋಟಿಗೆ ಬಂದಾಗ ತಗ್ಗುವ ಅಲೆಯನ್ನೂ ಕಾಣಬಹುದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಇದು ನಿಜವೇ? ನಿಜವಾದರೆ ಎಷ್ಟರ ಮಟ್ಟಿಗೆ ನಿಜ? ಈ ಸಾಧನವನ್ನು ಯಾವುದಕ್ಕೆ ಬಳಸಬೇಕು, ಯಾವುದಕ್ಕೆ ಬಳಸಬಾರದು?

ಕೊಡಗಿನಂಥ ನಾಡಿಗೆ ಇವು ಕೇವಲ ಪುಸ್ತಕದ ಪ್ರಶ್ನೆಗಳಲ್ಲ. 2018ರ ಆಗಸ್ಟ್ ತಿಂಗಳಿನಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲ, ಹಟ್ಟಿಹೊಳೆ ಮೊದಲಾದ ಕಡೆಗಳಲ್ಲಿ ಬೆಟ್ಟಗಳೇ ಜಾರಿ ಮನೆ, ತೋಟ, ಗದ್ದೆಗಳನ್ನು ನುಂಗಿದುವು. ಸಾವಿರಾರು ಜನ ಉಟ್ಟ ಬಟ್ಟೆಯಲ್ಲಿ ಪರಿಹಾರ ಕೇಂದ್ರಗಳನ್ನು ಸೇರಿದರು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿಯೂ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿಯೂ ಬೆಟ್ಟ ಕುಸಿಯಿತು. ಮಳೆಯನ್ನು ಹಬ್ಬದಂತೆ ಎದುರು ನೋಡುತ್ತಿದ್ದ ನಾಡಿನಲ್ಲಿ, ಮಾಡಿನ ಮೇಲೆ ಮಳೆಯ ಸದ್ದು ಜೋರಾದೊಡನೆ ಎದೆ ನಡುಗುವ ಮಕ್ಕಳು ಉಂಟಾದರು. ಆ ನಡುಕವನ್ನು ಅಳೆಯುವ ಯಂತ್ರವೊಂದು ಇದೆಯೆಂದು ಯಾರಾದರೂ ಹೇಳಿದರೆ, ನಾವು ಕಿವಿಗೊಟ್ಟು ಕೇಳಬೇಕು. ಆದರೆ ವಿಚಾರಮಾಡದೆ ಒಪ್ಪಬಾರದು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಿದುಳಿನ ವಿದ್ಯುತ್ ಅಲೆಯು ಭಾವದ ನಿಜವಾದ ಗುರುತು, ಅದರಲ್ಲಿ ಸಂದೇಹವಿಲ್ಲ. ಆದರೆ ಅದು ಭಾವದ ಭಾಷಾಂತರವಲ್ಲ. ಭಾವ ಎಷ್ಟು ಬಲವಾಗಿ, ಯಾವ ಕ್ಷಣದಲ್ಲಿ ತಟ್ಟಿತೆಂಬುದನ್ನು ಅದು ಹೇಳಬಲ್ಲುದು. ಯಾವ ಭಾವ, ಯಾತಕ್ಕಾಗಿ ಎಂಬುದನ್ನು ಹೇಳಲಾರದು. ಆದುದರಿಂದ ಅದು ನೊಂದವನಿಗೆ ನೆರವಾಗುವ ವೈದ್ಯನ ಕೈಯಲ್ಲಿರಬೇಕೇ ಹೊರತು, ಮನುಷ್ಯನ ಮೇಲೆ ತೀರ್ಪು ಕೊಡುವವರ ಕೈಯಲ್ಲಿರಬಾರದು.

ಅಲೆ ಎಲ್ಲಿಂದ ಬಂದಿತು?

ಮಿದುಳಿನಲ್ಲಿ ವಿದ್ಯುತ್ತಿದೆಯೆಂಬ ಸಂಗತಿ ಹೊಸದಲ್ಲ. 1875ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನ ರಿಚರ್ಡ್ ಕೇಟನ್ ಎಂಬ ವೈದ್ಯನು ಮೊಲಗಳ ಮತ್ತು ಕೋತಿಗಳ ಮಿದುಳಿನಲ್ಲಿ ವಿದ್ಯುತ್ ಪ್ರವಾಹವನ್ನು ಕಂಡು ಪ್ರಕಟಿಸಿದನು. ಮನುಷ್ಯನ ತಲೆಯಿಂದ ಮೊದಲು ಅದನ್ನು ದಾಖಲು ಮಾಡಿದವನು ಜರ್ಮನಿಯ ಜೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. 1924ರಲ್ಲಿ ಅವನಿಗೆ ಅಲೆ ದೊರೆಯಿತು. ಸಾಧನದ ದೋಷವೋ ಮಿದುಳಿನ ಗುಣವೋ ಎಂಬ ಶಂಕೆಯಿಂದ ಐದು ವರ್ಷ ಪರೀಕ್ಷಿಸಿ 1929ರಲ್ಲಿ ಅದನ್ನು ಪ್ರಕಟಿಸಿದನು. ಇಂದು ಆಸ್ಪತ್ರೆಗಳಲ್ಲಿ ಇ.ಇ.ಜಿ. ಎಂದು ಕರೆಯುವ ಪರೀಕ್ಷೆಯ ಮೂಲ ಇದೇ.

ಈ ವಿದ್ಯುತ್ತು ಎಷ್ಟು ಕ್ಷೀಣವೆಂಬುದನ್ನು ನಮ್ಮ ತರುಣ ವಾಚಕರು ಲೆಕ್ಕಹಾಕಿ ನೋಡಬಹುದು. ನೆತ್ತಿಯ ಮೇಲೆ ದೊರೆಯುವ ಅಲೆ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟಿನಷ್ಟು. ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲನ್ನು 1,50,000 ಭಾಗ ಮಾಡಿದರೆ ಒಂದು ಭಾಗ 10 ಮೈಕ್ರೋವೋಲ್ಟ್. ಮಿದುಳಿನ ಸಾವಿರಾರು ನರಕೋಶಗಳು ಒಟ್ಟಿಗೆ ಕೆಲಸಮಾಡಿದಾಗ ಮಾತ್ರ ಇಷ್ಟಾದರೂ ವಿದ್ಯುತ್ತು ತಲೆಬುರುಡೆಯನ್ನು ದಾಟಿ ಹೊರಬರುತ್ತದೆ. ಬರುವ ದಾರಿಯಲ್ಲಿ ಅದು ಹರಡಿಹೋಗುವುದರಿಂದ, ಮಿದುಳಿನ ಯಾವ ಮೂಲೆಯಿಂದ ಹೊರಟಿತೆಂದು ನಿಖರವಾಗಿ ಹೇಳುವುದು ಕಷ್ಟ. ಕಣ್ಣು ಮಿಟುಕಿಸಿದರೆ ಸಾಕು, ಅದರ ವಿದ್ಯುತ್ತು ಮಿದುಳಿನ ಅಲೆಯನ್ನು ಮುಚ್ಚಿಹಾಕುತ್ತದೆ. ಹಲ್ಲು ಕಚ್ಚಿದರೂ ಹಾಗೆಯೇ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದರೆ ವಿದ್ಯುದ್ವಾರಕ್ಕೂ ಚರ್ಮಕ್ಕೂ ಸರಿಯಾದ ಸಂಪರ್ಕವೇ ಆಗದು. ಆದುದರಿಂದಲೇ ತಲೆ ತೊಳೆದುಕೊಂಡು ಬರಬೇಕೆಂದು ಪರೀಕ್ಷೆಗೆ ಮೊದಲು ಹೇಳುತ್ತಾರೆ.

ಇಷ್ಟೆಲ್ಲ ಗದ್ದಲದ ನಡುವೆ ಒಂದು ಚಿತ್ರವನ್ನು ನೋಡಿದಾಗ ಏಳುವ ಪುಟ್ಟ ಅಲೆಯನ್ನು ಹೇಗೆ ಗುರುತಿಸುವುದು? ಇದಕ್ಕೆ ಒಂದು ಜಾಣತನದ ಉಪಾಯವಿದೆ. ಕಕ್ಕಡ ಮಾಸದ ಮಳೆಯಲ್ಲಿ ಎದುರು ಬೆಟ್ಟದಿಂದ ಒಬ್ಬನು ಕೂಗುತ್ತಾನೆಂದು ಭಾವಿಸೋಣ. ಒಂದು ಸಲ ಕೂಗಿದರೆ ಮಳೆಯ ಸದ್ದಿನಲ್ಲಿ ಏನೂ ಕೇಳಿಸದು. ಆದರೆ ಅವನು ಗಡಿಯಾರ ನೋಡಿಕೊಂಡು ಪ್ರತಿ ನಿಮಿಷದ ಆರಂಭದಲ್ಲಿ ಅದೇ ಕೂಗನ್ನು ಕೂಗಿದರೆ, ಆ ಎಲ್ಲ ನಿಮಿಷಗಳ ಧ್ವನಿಮುದ್ರಣಗಳನ್ನು ಒಂದರ ಮೇಲೊಂದಿಟ್ಟು ಸರಾಸರಿ ತೆಗೆಯಬಹುದು. ಮಳೆಯ ಸದ್ದು ಒಮ್ಮೆ ಹೀಗೆ ಒಮ್ಮೆ ಹಾಗೆ ಇರುವುದರಿಂದ ತನಗೆ ತಾನೇ ಕಳೆದುಹೋಗುತ್ತದೆ. ಕೂಗು ಮಾತ್ರ ಉಳಿಯುತ್ತದೆ. ಚಿತ್ರವನ್ನು 25 ಸಲ ತೋರಿಸಿ ಸರಾಸರಿ ತೆಗೆದರೆ ಗದ್ದಲ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 100 ಸಲ ತೋರಿಸಿದರೆ ಹತ್ತರಲ್ಲಿ ಒಂದು ಪಾಲಿಗೆ. ಹೀಗೆ ದೊರೆತ ಅಲೆಯನ್ನು ಘಟನಾಪ್ರೇರಿತ ತರಂಗವೆಂದು ಕರೆಯಬಹುದು. ಇದು ಒಂದು ಕ್ಷಣದ ಛಾಯಾಚಿತ್ರವಲ್ಲ, ಹಲವು ಕ್ಷಣಗಳ ಸರಾಸರಿ ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದಿನ ವಾದಕ್ಕೆಲ್ಲ ಇದೇ ಅಡಿಗಲ್ಲು.

ಭಾವದ ಅಲೆ

ಒಂದು ಮುಖವನ್ನು ಕಂಡಾಗ ಸುಮಾರು 170 ಮಿಲಿಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಆರನೆಯ ಒಂದು ಭಾಗದಲ್ಲಿ, ತಲೆಯ ಹಿಂಬದಿಯ ಇಕ್ಕೆಲಗಳಲ್ಲಿ ಒಂದು ಅಲೆ ಏಳುತ್ತದೆ. ಇದು ಮುಖವೆಂಬುದನ್ನು ಮಿದುಳು ಗುರುತಿಸಿದ್ದರ ಸೂಚನೆ. ನೋಡಿದ್ದು ಮನಸ್ಸನ್ನು ತಟ್ಟುವಂಥದಾದರೆ, 300ರಿಂದ 400 ಮಿಲಿಸೆಕೆಂಡಿನ ಹೊತ್ತಿಗೆ ನೆತ್ತಿಯ ನಡುವಿನಲ್ಲಿಯೂ ಅದರ ಹಿಂದೆಯೂ ಧನ ವಿದ್ಯುತ್ತಿನ ದೊಡ್ಡ ಅಲೆಯೊಂದು ಎದ್ದು, ಚಿತ್ರ ಕಣ್ಣ ಮುಂದಿರುವ ತನಕವೂ, ಹಲವು ಸೆಕೆಂಡುಗಳ ಕಾಲ, ನಿಲ್ಲುತ್ತದೆ. ಇದನ್ನು ವಿಳಂಬಿತ ಧನ ತರಂಗ ಎನ್ನೋಣ. ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾನಿಲಯದ ಪೀಟರ್ ಲ್ಯಾಂಗ್ ಮತ್ತು ಅವರ ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಅಧ್ಯಯನವು ಇದನ್ನು ಸ್ಪಷ್ಟವಾಗಿ ತೋರಿಸಿತು. ಕುರ್ಚಿ, ಬುಟ್ಟಿಗಳಂಥ ನಿರ್ಭಾವದ ಚಿತ್ರಗಳಿಗೆ ಚಿಕ್ಕ ಅಲೆ; ಮನಸ್ಸನ್ನು ಕಲಕುವ ಚಿತ್ರಗಳಿಗೆ ದೊಡ್ಡ ಅಲೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಅಲೆ ದೊಡ್ಡದಾಗುವುದು ಭಯಾನಕ ಚಿತ್ರಗಳಿಗೆ ಮಾತ್ರವಲ್ಲ. ಸಂತೋಷದ ಚಿತ್ರಗಳಿಗೂ ಅದು ಹಾಗೆಯೇ ಏಳುತ್ತದೆ. ಗಾಯಗೊಂಡ ದೇಹವನ್ನು ಕಂಡರೂ ಪ್ರಣಯದ ಚಿತ್ರವನ್ನು ಕಂಡರೂ ಏಳುವುದು ಒಂದೇ ಬಗೆಯ ಅಲೆ.

ಇದರ ಅರ್ಥವನ್ನು ಕೊಡಗಿನ ಒಂದು ಉದಾಹರಣೆಯಿಂದ ತಿಳಿಯೋಣ. ಮಡಿಕೇರಿಯಲ್ಲಿ ಒಂದು ಪ್ರಯೋಗಶಾಲೆಯಿದ್ದು, ಅಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಕಾಡಾನೆಯ ಚಿತ್ರವನ್ನು ತೋರಿಸುತ್ತಾರೆಂದು ಕಲ್ಪಿಸಿಕೊಳ್ಳಿ. ಒಬ್ಬನು ಬೆಂಗಳೂರಿನಿಂದ ಬಂದವನು. ದುಬಾರೆಯ ಶಿಬಿರದಲ್ಲಿ ಆನೆಯ ಮೈ ತೊಳೆದು ಹಿಗ್ಗಿದವನು. ಇನ್ನೊಬ್ಬನು ಸಿದ್ದಾಪುರದ ಬಳಿಯ ಕಾಫಿ ತೋಟದ ಲೈನ್‌ಮನೆಯಲ್ಲಿ ಬೆಳೆದವನು. ಮುಂಜಾನೆ ಶಾಲೆಗೆ ಹೊರಡುವ ಮುನ್ನ ದಾರಿಯಲ್ಲಿ ಆನೆಯುಂಟೇ ಎಂದು ಕೇಳಿಯೇ ಹೆಜ್ಜೆಯಿಡುವವನು. ಮೊದಲನೆಯವನಿಗೆ ಆ ಚಿತ್ರ ಆನಂದ, ಎರಡನೆಯವನಿಗೆ ಜೀವಭಯ. ಇಬ್ಬರ ನೆತ್ತಿಯ ಮೇಲೂ ಅಲೆ ಒಂದೇ ಎತ್ತರಕ್ಕೆ ಏಳಬಹುದು! ಕಾಗದದ ಮೇಲಿನ ಎರಡು ಗೆರೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ತಜ್ಞನು, ‘ಈ ಚಿತ್ರ ಇಬ್ಬರಿಗೂ ಮುಖ್ಯವಾದುದು’ ಎಂದು ಹೇಳಬಲ್ಲನು. ಯಾರು ಹಿಗ್ಗಿದರು, ಯಾರು ಹೆದರಿದರು ಎಂಬುದನ್ನು ತಿಳಿಯಬೇಕಾದರೆ ಅವನು ಗೆರೆಯನ್ನು ಬಿಟ್ಟು ಹುಡುಗರನ್ನೇ ಕೇಳಬೇಕು.

ಮಳೆಯ ಸದ್ದಿನ ಮಾತೂ ಹೀಗೆಯೇ. ಅದು ಗದ್ದೆಯ ರೈತನಿಗೆ ನೆಮ್ಮದಿ. ಮನೆ ಕಳೆದುಕೊಂಡ ಮಗುವಿಗೆ ದಿಗಿಲು. ಅಲೆಯು ‘ಇದು ನನಗೆ ದೊಡ್ಡದು’ ಎಂದಷ್ಟೇ ಕೂಗುತ್ತದೆ. ಏಕೆ ದೊಡ್ಡದೆಂದು ಹೇಳುವುದು ಆ ಮನುಷ್ಯನ ಬಾಳಿನ ಕಥೆ.

ಭಾವವನ್ನು ಹತೋಟಿಗೆ ತರುವುದು

ಹಾಗಾದರೆ ಈ ಅಲೆಯಿಂದ ಪ್ರಯೋಜನವೇನು ಎಂದು ವಾಚಕರು ಕೇಳಬಹುದು. ಪ್ರಯೋಜನ ಬಹಳ ಇದೆ. ಅದರಲ್ಲಿ ಅತ್ಯಂತ ಸ್ವಾರಸ್ಯವಾದುದು ಭಾವದ ನಿಯಂತ್ರಣಕ್ಕೆ ಸಂಬಂಧಿಸಿದುದು.

ಭಾವವನ್ನು ಹತೋಟಿಗೆ ತರುವ ದಾರಿಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಗ್ರಾಸ್ 1998ರಲ್ಲಿ ಐದಾಗಿ ವಿಂಗಡಿಸಿದರು: ಕೆರಳಿಸುವ ಸಂದರ್ಭಕ್ಕೆ ಹೋಗದಿರುವುದು, ಹೋದರೆ ಸಂದರ್ಭವನ್ನೇ ಬದಲಿಸುವುದು, ಗಮನವನ್ನು ಬೇರೆಡೆಗೆ ತಿರುಗಿಸುವುದು, ಕಂಡುದರ ಅರ್ಥವನ್ನು ಬೇರೆಯಾಗಿ ತಿಳಿಯುವುದು, ಕೊನೆಗೆ ಹೊರಗೆ ತೋರದಂತೆ ಅದುಮಿಡುವುದು. ನಾಲ್ಕನೆಯ ದಾರಿಯನ್ನು ಪುನರ್ವಿಚಾರ ಎನ್ನಬಹುದು. ಗುಡುಗು ಕೇಳಿದ ಮಗುವಿಗೆ ತಾಯಿ, ‘ಮೋಡಕ್ಕೆ ಮೋಡ ತಾಗಿ ಸದ್ದಾಯಿತು, ಅದು ದೂರದಲ್ಲಿದೆ’ ಎಂದು ಹೇಳಿದಾಗ ಆಕೆ ಮಾಡಿಸುವುದು ಇದನ್ನೇ. ಆಕೆಯ ವಿಜ್ಞಾನ ತಪ್ಪಿರಬಹುದು. ಮನಶ್ಶಾಸ್ತ್ರ ಸರಿಯಾಗಿಯೇ ಇದೆ.

2006ರಲ್ಲಿ ಗ್ರೆಗ್ ಹೈಚಾಕ್ ಮತ್ತು ಸ್ಯಾಂಡರ್ ನ್ಯೂವೆನ್‌ಹೌಸ್ ಎಂಬವರು ಪ್ರಕಟಿಸಿದ ಪ್ರಯೋಗದಲ್ಲಿ, ಅಹಿತವಾದ ಚಿತ್ರಗಳನ್ನು ಬೇರೆ ಅರ್ಥದಲ್ಲಿ ನೋಡುವಂತೆ ವಿದ್ಯಾರ್ಥಿಗಳಿಗೆ ಸೂಚಿಸಿದಾಗ ಅವರ ವಿಳಂಬಿತ ತರಂಗ ತಗ್ಗಿತು. ‘ಈಗ ನನಗೆ ಅಷ್ಟು ಭಯವಿಲ್ಲ’ ಎಂದು ಅವರು ಬಾಯಲ್ಲಿ ಹೇಳಿದ್ದು ಕೇವಲ ಸಂಕೋಚದ ಮಾತಲ್ಲ. ಅದಕ್ಕೆ ಮಿದುಳಿನಲ್ಲಿಯೂ ಆಧಾರವಿತ್ತು. 2011ರಲ್ಲಿ ರವಿ ತಿರುಚೆಲ್ವಂ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಗಮನವನ್ನು ಬೇರೆಡೆಗೆ ತಿರುಗಿಸಿದರೆ ಅಲೆ ಬಹುಬೇಗ ತಗ್ಗುತ್ತದೆ. ಅರ್ಥವನ್ನು ಬದಲಿಸಿಕೊಂಡರೆ ಸ್ವಲ್ಪ ತಡವಾಗಿ ತಗ್ಗುತ್ತದೆ. ಆದರೆ ಅದೇ ಚಿತ್ರವನ್ನು ಸ್ವಲ್ಪ ಹೊತ್ತಿನ ಮೇಲೆ ಮತ್ತೆ ತೋರಿಸಿದಾಗ, ಮುಖ ತಿರುಗಿಸಿ ತಪ್ಪಿಸಿಕೊಂಡಿದ್ದ ಚಿತ್ರಗಳಿಗೆ ಅಲೆ ಹೆಚ್ಚಾಗಿ ಎದ್ದಿತು. ತಪ್ಪಿಸಿಕೊಳ್ಳುವುದು ಸಾಲ ಪಡೆದಂತೆ. ಬಡ್ಡಿ ಸೇರಿಸಿ ತೀರಿಸಬೇಕಾಗುತ್ತದೆ ಎನ್ನಬಹುದೇನೋ.

ಇಂತಹ ಜ್ಞಾನಕ್ಕೆ ಬೆಲೆ ಕಟ್ಟಲಾಗದು. ಭಯಗೊಂಡ ಮಕ್ಕಳಿಗೆ ಆಟಪಾಟಗಳಿಂದ ಮನಸ್ಸನ್ನು ಮರೆಸಿದರೆ ಸಾಕೇ, ಅಥವಾ ಬೆಟ್ಟ ಏಕೆ ಜಾರಿತು, ಯಾವ ಇಳಿಜಾರು ಅಪಾಯದ್ದು, ಯಾವುದು ಅಲ್ಲ ಎಂದು ತಿಳಿಹೇಳಿ ಅರ್ಥವನ್ನು ಬದಲಿಸಬೇಕೇ ಎಂಬುದು ಕೊಡಗಿನ ಶಿಕ್ಷಕರ ಮುಂದಿರುವ ನಿಜವಾದ ಪ್ರಶ್ನೆ. ಯಾವ ಚಿಕಿತ್ಸೆ ಯಾವ ಘಟ್ಟದಲ್ಲಿ ಕೆಲಸ ಮಾಡುತ್ತದೆಂದು ಮಿಲಿಸೆಕೆಂಡಿನ ಲೆಕ್ಕದಲ್ಲಿ ತೋರಿಸಬಲ್ಲ ಸಾಧನ ಇದಕ್ಕಿಂತ ಅಗ್ಗವಾದುದು ಇನ್ನೊಂದಿಲ್ಲ. ಮಾತು ಬಾರದ ಶಿಶುಗಳನ್ನೂ ಇದರಿಂದ ಅಭ್ಯಾಸ ಮಾಡಬಹುದು. ಆದರೆ ಎಳೆಯ ಮಕ್ಕಳಲ್ಲಿ ಪುನರ್ವಿಚಾರದ ಫಲ ದೊಡ್ಡವರಲ್ಲಿ ಕಂಡಷ್ಟು ಸ್ಪಷ್ಟವಾಗಿ ಅಲೆಯಲ್ಲಿ ಕಾಣದೆಂಬುದನ್ನೂ ಹೇಳಬೇಕು. ದೊಡ್ಡವರ ಮೇಲಿನ ಪ್ರಯೋಗದ ಫಲವನ್ನು ಮಕ್ಕಳ ಮೇಲೆ ಹಾಗೆಯೇ ಹೊರಿಸಬಾರದು.

ಗುಂಪಿನ ಸತ್ಯ, ವ್ಯಕ್ತಿಯ ಸತ್ಯ

ಇಲ್ಲಿಯವರೆಗೆ ಹೇಳಿದ ಫಲಿತಾಂಶಗಳೆಲ್ಲ ಹತ್ತಾರು ಜನರ ಸರಾಸರಿಯಿಂದ ಬಂದುವು. ಕಳವಳದ ಮನಃಸ್ಥಿತಿಯವರಲ್ಲಿ ಭಯದ ಚಿತ್ರಗಳಿಗೆ ಅಲೆ ದೊಡ್ಡದಿರುತ್ತದೆ, ಖಿನ್ನತೆಯವರಲ್ಲಿ ಚಿಕ್ಕದಿರುತ್ತದೆ ಎಂದು ಹಲವು ಅಧ್ಯಯನಗಳು ಹೇಳುವುದೂ ಗುಂಪಿನ ಮಾತೇ. ಕೊಡಗಿನ ಜನ ಬಯಲುಸೀಮೆಯವರಿಗಿಂತ ಹೆಚ್ಚು ಕಾಫಿ ಕುಡಿಯುತ್ತಾರೆಂದು ಲೆಕ್ಕದಿಂದ ತಿಳಿದರೂ, ಮುಂದೆ ಕುಳಿತವನು ಕಾಫಿ ಕುಡಿದುದನ್ನು ಕಂಡು ಅವನು ಕೊಡಗಿನವನೆಂದು ಹೇಳಲಾಗುವುದಿಲ್ಲವಷ್ಟೆ. ಗುಂಪಿನ ವ್ಯತ್ಯಾಸದಿಂದ ವ್ಯಕ್ತಿಯ ನಿರ್ಣಯಕ್ಕೆ ಹಾರುವುದು ತರ್ಕದೋಷ.

ಈ ಹಾರಾಟದ ಫಲವನ್ನು ವಿಜ್ಞಾನವೇ ಒಮ್ಮೆ ಅನುಭವಿಸಿದೆ. ಹಣೆಯ ಎಡಬಲಗಳಲ್ಲಿ ಆಲ್ಫಾ ಎಂಬ ಅಲೆಯ ಪ್ರಮಾಣ ಹೆಚ್ಚುಕಡಿಮೆ ಇರುವುದು ಖಿನ್ನತೆಯ ಗುರುತೆಂದು ಬಹುಕಾಲ ನಂಬಿದ್ದರು. 2017ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದಾಗ, ರೋಗನಿರ್ಣಯಕ್ಕೆ ಅದನ್ನು ನಂಬಲಾಗದೆಂದು ತಿಳಿದುಬಂದಿತು.

‘ಹಾಗಿದ್ದರೆ ಮೂರ್ಛೆರೋಗಕ್ಕೆ ವೈದ್ಯರು ಇ.ಇ.ಜಿ.ಯನ್ನು ಹೇಗೆ ನಂಬುತ್ತಾರೆ?’ ಎಂಬ ಪ್ರಶ್ನೆ ಸಹಜ. ಮೂರ್ಛೆರೋಗದ ಕೆಲವು ಬಗೆಗಳಲ್ಲಿ ಅಲೆಯ ಆಕಾರವೇ ಬೇರೆ. ಸೆಕೆಂಡಿಗೆ ಮೂರರಂತೆ ಬರುವ ಮೊನೆಯ ಅಲೆಗಳನ್ನು 1935ರಷ್ಟು ಹಿಂದೆಯೇ ಗುರುತಿಸಿದ್ದರು. ಅವು ಸರಾಸರಿ ತೆಗೆಯದೆ, ಒಬ್ಬನ ಒಂದೇ ದಾಖಲೆಯಲ್ಲಿ ಕಣ್ಣಿಗೆ ಕಾಣುತ್ತವೆ. ಆಗಲೂ ಬಲ್ಲ ವೈದ್ಯನು ಕಾಗದವನ್ನಷ್ಟೇ ನೋಡಿ ಔಷಧ ಬರೆಯುವುದಿಲ್ಲ. ರೋಗಿಯ ಚರಿತ್ರೆಯನ್ನು ಮನೆಯವರಿಂದ ಕೇಳಿ ತಿಳಿಯುತ್ತಾನೆ. ಅಷ್ಟು ಸ್ಪಷ್ಟವಾದ ಅಲೆಗೇ ಈ ಎಚ್ಚರಿಕೆಯಾದರೆ, ಭಾವದ ಸೂಕ್ಷ್ಮ ಅಲೆಗೆ ಇನ್ನೆಷ್ಟು ಎಚ್ಚರಿಕೆ ಬೇಕು!

ಅಲೆ ನ್ಯಾಯಾಲಯಕ್ಕೆ ಹೋದಾಗ

ಈ ಎಚ್ಚರಿಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ನಿದರ್ಶನವನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ. ವಿಳಂಬಿತ ತರಂಗಕ್ಕೆ ಹತ್ತಿರದ ನೆಂಟನಾದ ಪಿ-300 ಎಂಬ ಅಲೆಯೊಂದಿದೆ. 1965ರಲ್ಲಿ ಪ್ರಕಟವಾದ ಈ ಅಲೆ, ನಿರೀಕ್ಷಿಸದ ಅಥವಾ ಮಹತ್ವದ ಸಂಗತಿಯೊಂದು ಎದುರಾದಾಗ ಸುಮಾರು 300 ಮಿಲಿಸೆಕೆಂಡಿನಲ್ಲಿ ಏಳುತ್ತದೆ. ಅಪರಾಧದ ವಿವರಗಳನ್ನು ಆರೋಪಿಗೆ ಕೇಳಿಸಿ, ಅಲೆ ಎದ್ದರೆ ಅವನಿಗೆ ಅದು ಗೊತ್ತಿತ್ತೆಂದು ತೀರ್ಮಾನಿಸುವ ‘ಮಿದುಳು ನಕ್ಷೆ’ಯ ಪರೀಕ್ಷೆ ಇದರಿಂದ ಹುಟ್ಟಿತು. ಹಿಂದೆ ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮನಶ್ಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಸಿ. ಆರ್. ಮುಕುಂದನ್ ಅವರು ಇಂತಹುದೇ ಉದ್ದೇಶದ ಇನ್ನೊಂದು ವಿಧಾನವನ್ನು ರೂಪಿಸಿದರು. 2008ರಲ್ಲಿ ಪುಣೆಯ ಒಂದು ಕೊಲೆ ಮೊಕದ್ದಮೆಯಲ್ಲಿ ನ್ಯಾಯಾಲಯವು ಶಿಕ್ಷೆ ವಿಧಿಸುವಾಗ ಆ ಪರೀಕ್ಷೆಯ ಫಲವನ್ನೂ ಪರಿಗಣಿಸಿತು. ಅದೇ ವರ್ಷ ನಿಮ್ಹಾನ್ಸಿನ ಆಗಿನ ನಿರ್ದೇಶಕರಾದ ಡಾ. ಡಿ. ನಾಗರಾಜ ಅವರ ಅಧ್ಯಕ್ಷತೆಯ ತಜ್ಞರ ಸಮಿತಿ, ಇಂತಹ ಪರೀಕ್ಷೆಗಳನ್ನು ಸಾಕ್ಷ್ಯವಾಗಿ ಬಳಸಲು ವೈಜ್ಞಾನಿಕ ಆಧಾರ ಸಾಲದೆಂದು ಅಭಿಪ್ರಾಯಪಟ್ಟಿತು.

ಅಲೆಯ ಸ್ವಭಾವವನ್ನು ತಿಳಿದ ವಾಚಕರಿಗೆ ದೋಷ ಎಲ್ಲಿದೆಯೆಂದು ಬಿಡಿಸಿ ಹೇಳಬೇಕಾಗಿಲ್ಲ. ಮುಖ್ಯವಾದುದಕ್ಕೆಲ್ಲ ಅಲೆ ಏಳುತ್ತದೆ. ಕೊಲೆ ಮಾಡಿದವನಿಗೆ ಆ ಕೊಲೆ ಮುಖ್ಯ. ಮಾಡದೆಯೇ ಆರೋಪಕ್ಕೆ ಗುರಿಯಾಗಿ ಸೆರೆಮನೆಯಲ್ಲಿ ಕುಳಿತವನಿಗೆ ಅದು ಮುಖ್ಯವಲ್ಲವೇ? ಸತ್ತವರ ಬಂಧುವಿಗೆ ಮುಖ್ಯವಲ್ಲವೇ? ಪತ್ರಿಕೆಯಲ್ಲಿ ಓದಿ ನೆನಪಿನಲ್ಲಿಟ್ಟವನ ಮಿದುಳು ಸುಮ್ಮನಿರುವುದೇ? ಭಯವೂ ಶೋಕವೂ ಕುತೂಹಲವೂ ಅಪರಾಧವೂ ಒಂದೇ ಬಾಗಿಲಿನಿಂದ ಹೊರಬರುವಾಗ, ಬಾಗಿಲು ತೆರೆಯಿತೆಂಬುದಷ್ಟರಿಂದ ಒಳಗಿರುವವರನ್ನು ಗುರುತಿಸುವುದು ಹೇಗೆ?

ಈ ಬಗೆಯ ಪರೀಕ್ಷೆಗಳ ವಿಷಯದಲ್ಲಿ ದೇಶಕ್ಕೆಲ್ಲ ದಾರಿ ತೋರಿದ ತೀರ್ಪು ಹುಟ್ಟಿದ್ದು ಕರ್ನಾಟಕದ ಮೊಕದ್ದಮೆಯಿಂದಲೇ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ತೀರ್ಪಿತ್ತು, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಮಿದುಳು ನಕ್ಷೆ ಈ ಮೂರನ್ನೂ ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ಸಾರಿತು. ಯಾವ ಆರೋಪಿಯನ್ನೂ ತನ್ನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂಬುದು ಸಂವಿಧಾನದ 20(3)ನೆಯ ವಿಧಿ. ಬಾಯಿ ಮುಚ್ಚಿಕೊಂಡಿರುವ ಹಕ್ಕು ಮನುಷ್ಯನಿಗಿದ್ದರೆ, ಮಿದುಳನ್ನು ಮುಚ್ಚಿಕೊಂಡಿರುವ ಹಕ್ಕೂ ಇರಬೇಕೆಂಬುದೇ ಈ ತೀರ್ಪಿನ ತಿರುಳೆಂದು ನಾವು ತಿಳಿಯುತ್ತೇವೆ.

ಶಾಲೆಯ ಬಾಗಿಲಿಗೆ

ಆ ತೀರ್ಪು ಮುಖ್ಯವಾಗಿ ಅಪರಾಧದ ತನಿಖೆಯನ್ನು ಕುರಿತದ್ದು. ಆದರೆ ಅಲೆಯನ್ನು ಓದುವ ಆಸೆ ಈಗ ಶಾಲೆಯ ಬಾಗಿಲಿಗೂ ಬಂದಿದೆ. ಚೀನಾ ದೇಶದ ಜಿನ್‌ಹುವಾ ಪ್ರದೇಶದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ವಿದ್ಯುತ್ ಪಟ್ಟಿಗಳನ್ನು ಕಟ್ಟಿ, ಅವರ ಗಮನ ಎಷ್ಟಿದೆಯೆಂದು ದೀಪದ ಬಣ್ಣದಿಂದ ತೋರಿಸುತ್ತಿದ್ದರು. 2019ರಲ್ಲಿ ಸುದ್ದಿ ಹೊರಬಿದ್ದು ಜನರು ಆಕ್ಷೇಪಿಸಿದ ಮೇಲೆ ಅದನ್ನು ನಿಲ್ಲಿಸಲಾಯಿತು. ಯೂರೋಪಿನ ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಕೃತಕ ಬುದ್ಧಿಮತ್ತೆಯ ಕಾನೂನು, ಚಿಕಿತ್ಸೆ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟರೆ, ಶಾಲೆಗಳಲ್ಲಿಯೂ ಕೆಲಸದ ಸ್ಥಳಗಳಲ್ಲಿಯೂ ದೇಹದ ಗುರುತುಗಳಿಂದ ಭಾವವನ್ನು ಊಹಿಸುವ ಯಂತ್ರಗಳನ್ನು ನಿಷೇಧಿಸಿದೆ. ನಮ್ಮ ದೇಶವೂ ಇಂತಹ ನಿಯಮವನ್ನು ತಡಮಾಡದೆ ಮಾಡಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಪರೀಕ್ಷೆಯ ಕೊಠಡಿಯಲ್ಲಿ ಹೆದರಿದ ಹುಡುಗಿಯನ್ನು ಯಂತ್ರ ‘ಗಮನವಿಲ್ಲದವಳು’ ಎಂದು ಗುರುತಿಸಿದರೆ, ಅದನ್ನು ಅಲ್ಲಗಳೆಯುವ ಶಕ್ತಿ ಆಕೆಯ ಮಾತಿಗೆ ಉಳಿಯುವುದೇ?

ನಮ್ಮ ಮಾತನ್ನು ಒಪ್ಪದವರೂ ಇದ್ದಾರೆ. ‘ಮನುಷ್ಯನ ಮಾತು ಸುಳ್ಳಾಡಬಹುದು, ಮಿದುಳು ಸುಳ್ಳಾಡದು, ಮಾನದಿಂದಲೋ ಸಂಕೋಚದಿಂದಲೋ ದುಃಖವನ್ನು ಮುಚ್ಚಿಡುವವರನ್ನು ಪತ್ತೆಹಚ್ಚಲು ಯಂತ್ರ ಬೇಕು’ ಎಂದು ಅವರು ವಾದಿಸುತ್ತಾರೆ. ಈ ವಾದದಲ್ಲಿ ಒಂದು ನಿಜವಿದೆ. ಸೈನಿಕರ ನಾಡೆಂದು ಹೆಸರಾದ ಕೊಡಗಿನಲ್ಲಿ ಅಳುವುದನ್ನು ದೌರ್ಬಲ್ಯವೆಂದು ಎಣಿಸಿ ನುಂಗಿಕೊಳ್ಳುವವರು ಕಡಿಮೆಯಿಲ್ಲ. ಆದರೆ ಮಿದುಳು ಸುಳ್ಳಾಡುವುದಿಲ್ಲವೆಂಬುದಕ್ಕೆ ಕಾರಣ ಅದು ಸತ್ಯವಾದಿಯೆಂಬುದಲ್ಲ, ಅದು ಮಾತನ್ನೇ ಆಡುವುದಿಲ್ಲ ಎಂಬುದು. ಮಾತಾಡುವವರು ಅದನ್ನು ಓದುವ ತಜ್ಞರು, ತಪ್ಪುವವರೂ ಅವರೇ. ಅಲ್ಲದೆ ಮುಚ್ಚಿಟ್ಟ ದುಃಖವನ್ನು ಬಲವಂತದಿಂದ ಕಿತ್ತು ತೆಗೆದರೆ ಅದು ವಾಸಿಯಾಗುವುದಿಲ್ಲ. ನಂಬುಗೆ ಹುಟ್ಟಿಸಿ ಹೇಳಿಸಿಕೊಂಡರೆ ವಾಸಿಯಾಗುವ ದಾರಿ ತೆರೆಯುತ್ತದೆ.

ಮಾಡಬೇಕಾದುದೇನು?

ಕೊಡಗಿನಲ್ಲಿ ಮೊದಲು ಬೇಕಾದುದು ಕೇಳುವ ಕಿವಿ. ಆ ಕಿವಿಗೆ ಇಲ್ಲಿನ ಭಾಷೆಗಳು ತಿಳಿದಿರಬೇಕು. ಕೊಡವ ತಕ್ಕು, ಅರೆಭಾಷೆ, ಕನ್ನಡ, ಮಲಯಾಳಂ, ಯರವರ ಮತ್ತು ಕುರುಬರ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುವ ಜಿಲ್ಲೆಯಿದು. ಭಯವನ್ನು ಮಗು ತನ್ನ ಮನೆಮಾತಿನಲ್ಲಿ ಹೇಳುವಷ್ಟು ಸರಿಯಾಗಿ ಬೇರೆ ಮಾತಿನಲ್ಲಿ ಹೇಳಲಾರದು. ನಿಮ್ಹಾನ್ಸಿನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗಗಳ ವಿಷಯದಲ್ಲಿ ತರಬೇತಿಯಿತ್ತು ಒಂದು ಮಾದರಿಯನ್ನು ನಿರ್ಮಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ತಳಹದಿ. 2022ರಿಂದ ಟೆಲಿ ಮಾನಸ್ ಎಂಬ ಸೇವೆಯೂ ನಡೆದುಬಂದಿದ್ದು, 14416 ಸಂಖ್ಯೆಗೆ ದೂರವಾಣಿ ಮಾಡಿ ಯಾರಾದರೂ ಮಾತಾಡಬಹುದು. ಇವುಗಳನ್ನು ಬೆಟ್ಟದಾಚೆಯ ಲೈನ್‌ಮನೆಗಳಿಗೂ ಹಾಡಿಗಳಿಗೂ ಮುಟ್ಟಿಸುವುದು ಮೊದಲ ಕರ್ತವ್ಯ.

ಅದರೊಡನೆ ಅಲೆಯ ಅಧ್ಯಯನವೂ ನಡೆಯಲಿ. ಬೇಡವೆಂದು ನಾವು ಹೇಳುವುದಿಲ್ಲ. 2016ರಲ್ಲಿ ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಪ್ರಾರಂಭವಾಗಿದೆ. ಅಲ್ಲಿಯ ತರುಣರು ಫ್ಲೋರಿಡಾದಲ್ಲಿ ಆರಿಸಿದ ಚಿತ್ರಗಳನ್ನಷ್ಟೇ ಅಲ್ಲದೆ, ಇಲ್ಲಿನ ಆನೆಯನ್ನೂ ಮಳೆಯನ್ನೂ ಜಾರುವ ಬೆಟ್ಟವನ್ನೂ ಪ್ರಯೋಗಕ್ಕೆ ತೆಗೆದುಕೊಂಡರೆ ಲೋಕಕ್ಕೆ ಹೊಸದಾದ ಜ್ಞಾನ ದೊರೆಯಬಹುದು. ಆದರೆ ನಿಯಮಗಳು ಕಟ್ಟುನಿಟ್ಟಾಗಿರಲಿ. ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಯಾರ ತಲೆಗೂ ವಿದ್ಯುದ್ವಾರವನ್ನು ಇಡಬಾರದು. ನೊಂದವರನ್ನು ಮತ್ತೆ ನೋಯಿಸುವ ಚಿತ್ರಗಳನ್ನು ತೋರಿಸಬಾರದು. ತೋರಿಸಲೇಬೇಕಾದರೆ ಪಕ್ಕದಲ್ಲಿ ಸಮಾಧಾನ ಹೇಳಬಲ್ಲವರಿರಬೇಕು. ಒಬ್ಬನ ಅಲೆಯ ದಾಖಲೆ ಅವನ ಶಾಲೆಗಾಗಲಿ, ಉದ್ಯೋಗ ಕೊಡುವವರಿಗಾಗಲಿ, ಪೊಲೀಸರಿಗಾಗಲಿ ಹೋಗಬಾರದು. ಅಲೆ ಒಂದನ್ನು ಹೇಳಿ ಮನುಷ್ಯ ಇನ್ನೊಂದನ್ನು ಹೇಳಿದರೆ, ಮನುಷ್ಯನ ಮಾತನ್ನು ತಳ್ಳಿಹಾಕದೆ, ಎರಡೂ ಏಕೆ ಬೇರೆಯಾದುವೆಂದು ವಿಚಾರಿಸಬೇಕು. ವಿಜ್ಞಾನ ಬೆಳೆಯುವುದೂ ಅಂತಹ ವಿಚಾರದಿಂದಲೇ.

ಬರ್ಗರನು ತನ್ನ ಕಣ್ಣಿಗೆ ಕಂಡ ಅಲೆಯನ್ನೇ ಐದು ವರ್ಷ ಸಂಶಯದಿಂದ ನೋಡಿದನೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ಇಂದು ಅದೇ ಅಲೆಯನ್ನು ಐದು ನಿಮಿಷದಲ್ಲಿ ಓದಿ ಮನಸ್ಸಿನ ಗುಟ್ಟನ್ನು ಹೇಳುತ್ತೇವೆನ್ನುವವರು ನಾಳೆ ನಿಮ್ಮ ಕಾಲೇಜಿಗೂ ಬಂದಾರು. ಅವರನ್ನು ಆದರದಿಂದ ಕೂರಿಸಿ ಮೂರು ಪ್ರಶ್ನೆ ಕೇಳಿರಿ: ಇದು ಎಷ್ಟು ಜನರ, ಎಷ್ಟು ಸಲದ ಸರಾಸರಿ? ಇದು ಭಯವೋ ಹಿಗ್ಗೋ ಎಂದು ಹೇಗೆ ತಿಳಿದಿರಿ? ಇದನ್ನು ಅಳೆಯಲು ಯಾರ ಒಪ್ಪಿಗೆ ಪಡೆದಿರಿ? ಈ ಮೂರಕ್ಕೂ ನೇರವಾದ ಉತ್ತರ ಬಂದರೆ ಅವರ ಪ್ರಯೋಗಕ್ಕೆ ಸಂತೋಷದಿಂದ ತಲೆಗೊಡಿರಿ. ಬಾರದಿದ್ದರೆ, ನಿಮ್ಮ ಮನಸ್ಸಿನ ಮಾತನ್ನು ನೀವು ನಂಬುವ ಹಿರಿಯರಿಗೋ ಗೆಳೆಯರಿಗೋ ವೈದ್ಯರಿಗೋ ನೀವೇ ಹೇಳಿಕೊಳ್ಳಿರಿ. ಅದನ್ನು ನಿಮಗಿಂತ ಚೆನ್ನಾಗಿ ಹೇಳಬಲ್ಲ ಯಂತ್ರ ಇನ್ನೂ ಬಂದಿಲ್ಲ.